‘ಓಡಿ’ ಎಂದು ಕೂಗಿ ನಿಂತುಕೊಳ್ಳುವುದು

ಆಫ್ರಿಕಾದ ಮಲಾವಿ ದೇಶದ ಹಳ್ಳಿಗಳಲ್ಲಿ ಬಾಗಿಲು ತಟ್ಟುವ ರೂಢಿ ಇಲ್ಲ. ಅಂಗಳದ ಅಂಚಿನಲ್ಲಿ ನಿಂತು ‘ಓಡಿ’ ಎಂದು ಕೂಗುತ್ತಾರೆ. ಒಳಗಿನಿಂದ ‘ಓಡೀನಿ’ ಎಂಬ ಮರುದನಿ ಬರುವವರೆಗೆ ಅಲ್ಲೇ ನಿಲ್ಲುತ್ತಾರೆ. ನಮ್ಮ ಭಾಷೆಯಲ್ಲಿ ಕಾಲನ್ನು ಓಡಿಸುವ ಮಾತು ಅವರ ಚಿಚೇವಾ ಭಾಷೆಯಲ್ಲಿ ಕಾಲನ್ನು ನಿಲ್ಲಿಸುವ ಮಾತು. ಇದು ನನಗೆ ತಿಳಿಯುವ ಹೊತ್ತಿಗೆ ನಾನು ಒಂದು ಮನೆಯೊಳಕ್ಕೆ ನುಗ್ಗಿಯಾಗಿತ್ತು.

2023ರ ಜುಲೈ, ನಾವು ಹಳ್ಳಿ ಸೇರಿದ ಮೂರನೆಯ ದಿನ. ಮುಲಾಂಜೆ ಬೆಟ್ಟದ ಬುಡದಲ್ಲಿ ಅರ್ಧ ಗೋಡೆ ಕುಸಿದಿದ್ದ ಮನೆ ಅದು. ಬಾಗಿಲ ಚೌಕಟ್ಟು ಉಳಿದಿತ್ತು, ಬಾಗಿಲು ಇರಲಿಲ್ಲ. ಮೂಲೆಯಲ್ಲಿ ಟಾರ್ಪಾಲಿನ ಮರೆ, ಒಂದು ಮಡಕೆ, ಸುರುಳಿ ಸುತ್ತಿಟ್ಟ ಚಾಪೆ. ನಮ್ಮ ಕ್ರೈಸ್ತ ಸಭೆಗೆ ಕಳಿಸಬೇಕಾಗಿದ್ದ ವರದಿಗೆ ಚಿತ್ರಗಳು ಬೇಕಿದ್ದವು. ಒಳಗೆ ಕಾಲಿಟ್ಟು ಮೊಬೈಲ್ ಎತ್ತಿದೆ. ಟಾರ್ಪಾಲಿನ ಮರೆಯಲ್ಲಿ ಒಬ್ಬ ಅಜ್ಜಿ ಕುಳಿತಿದ್ದರು. ಅವರು ಬೈಯಲಿಲ್ಲ, ಕೂಗಲಿಲ್ಲ. ಸೊಂಟಕ್ಕೆ ಸುತ್ತಿದ್ದ ಚಿತೆಂಜೆ ಬಟ್ಟೆಯ ಸೆರಗನ್ನು ಬಿಡಿಸಿ ಮುಖಕ್ಕೆ ಅಡ್ಡ ಹಿಡಿದುಕೊಂಡರು, ಅಷ್ಟೇ. ಬಟ್ಟೆಯ ಹಿಂದೆ ಅವರ ಬೆರಳುಗಳು ಮಾತ್ರ ಕಾಣುತ್ತಿದ್ದವು. ಒಂದು ಉಗುರು ಪೂರ್ತಿ ಕಪ್ಪಾಗಿತ್ತು.

ಹಿಂದೆಯೇ ಬಂದ ಅಲ್ಲಿನ ಸಭಾಪಾಲಕರು ನನ್ನ ಮಣಿಕಟ್ಟು ಹಿಡಿದು ಹೊರಗೆ ಕರೆತಂದರು. ಸಭಾಪಾಲಕರನ್ನು ಅಲ್ಲಿ ‘ಅಬುಸಾ’ ಎನ್ನುತ್ತಾರೆ. ಗದರಿಸುತ್ತಾರೆ ಎಂದುಕೊಂಡೆ. ಅವರು ನನ್ನ ಪಕ್ಕದಲ್ಲೇ ಅಂಗಳದ ಅಂಚಿಗೆ ನಿಂತು ಮೆಲ್ಲಗೆ ‘ಓಡಿ’ ಎಂದರು. ಉತ್ತರ ಬರಲಿಲ್ಲ. ಅವರು ಮತ್ತೆ ಕೂಗಲೂ ಇಲ್ಲ, ಕದಲಲೂ ಇಲ್ಲ. ನನಗೆ ಅದು ಬಹಳ ದೀರ್ಘವಾದ ಹೊತ್ತು. ಕೊನೆಗೆ ಒಳಗಿನಿಂದ ‘ಓಡೀನಿ’ ಎಂಬ ದನಿ ಬಂತು. ಆಗ ನಾವು ಮೊದಲ ಸಲ ಬಂದವರಂತೆ ಒಳಗೆ ಹೋದೆವು. ಅಜ್ಜಿಯ ಮುಖದ ಮೇಲೆ ಈಗ ಬಟ್ಟೆ ಇರಲಿಲ್ಲ.

ಮಿಷನ್ ಯಾತ್ರೆಗೆ ಹೋಗಿ ಬಂದವರ ಸಾಕ್ಷಿಗಳನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಎಷ್ಟು ಮನೆ ಕಟ್ಟಿದೆವು, ಎಷ್ಟು ಮಂದಿ ಪ್ರಾರ್ಥನೆಗೆ ಕೈ ಎತ್ತಿದರು, ದೇವರು ಎಂಥ ದೊಡ್ಡ ಕಾರ್ಯ ಮಾಡಿದರು ಎಂಬ ಸಾಕ್ಷಿಗಳು. ಅವು ಸುಳ್ಳಲ್ಲ. ಆದರೆ ನನ್ನ ಬಳಿ ಇರುವುದು ಆ ಬಗೆಯ ಸಾಕ್ಷಿಯಲ್ಲ. ಆ ಮೂರು ವಾರಗಳಲ್ಲಿ ಕರ್ತನು ನನಗೆ ಕಲಿಸಿದ್ದೆಲ್ಲ ಬಾಗಿಲ ಹೊರಗೆ ನಿಂತು ಕಲಿತದ್ದು.

ನಾವು ಹೋದದ್ದು ಫ್ರೆಡ್ಡಿ ಚಂಡಮಾರುತದ ನಂತರ. ಆ ವರ್ಷದ ಫೆಬ್ರವರಿ ಮೊದಲ ವಾರದಲ್ಲಿ ಅದು ಆಸ್ಟ್ರೇಲಿಯಾದ ವಾಯವ್ಯಕ್ಕೆ ಕಡಲಿನಲ್ಲಿ ಹುಟ್ಟಿ, ಇಡೀ ಹಿಂದೂ ಮಹಾಸಾಗರವನ್ನು ದಾಟಿ, ಮಡಗಾಸ್ಕರನ್ನು ಹೊಡೆದು, ಮೊಜಾಂಬಿಕ್ ಮೇಲೆ ಎರಡು ಬಾರಿ ಎರಗಿತು. 36 ದಿನ ಬದುಕಿದ್ದ ಅದು ದಾಖಲಾದ ಚಂಡಮಾರುತಗಳಲ್ಲೇ ಅತಿ ದೀರ್ಘಾಯುಷಿ. ಎರಡನೆಯ ಸಲ ಎರಗಿದಾಗ ಮಾರ್ಚ್ 12ರಿಂದ ಮಲಾವಿಯ ದಕ್ಷಿಣ ಭಾಗದ ಮೇಲೆ ಮಳೆ ಸುರಿಯಿತು. ಮುಲಾಂಜೆ, ಫಲೊಂಬೆ, ಬ್ಲಾಂಟೈರ್ ಸುತ್ತಮುತ್ತ ಬೆಟ್ಟಗಳು ಜಾರಿ ಬಂಡೆ, ಮರ, ಮಣ್ಣು ಒಟ್ಟಾಗಿ ಊರುಗಳ ಮೇಲೆ ಇಳಿದವು. 679 ಮಂದಿ ಸತ್ತರು, 537 ಮಂದಿ ಪತ್ತೆಯಾಗಲಿಲ್ಲ. ಮೆಕ್ಕೆಜೋಳ ತೆನೆಗಟ್ಟಿ ಕೊಯ್ಲಿಗೆ ಇನ್ನು ಕೆಲವೇ ವಾರ ಉಳಿದಿದ್ದ ಸಮಯವದು. ಹಸಿವಿನ ತಿಂಗಳುಗಳನ್ನು ಹೇಗೋ ದಾಟಿ ಹೊಸ ಬೆಳೆಯ ಕಡೆ ನೋಡುತ್ತಿದ್ದ ಜನರ ಹೊಲಗಳೇ ಹೋದವು.

ನಮ್ಮ ಸಭೆಯಲ್ಲಿ ಕಾಣಿಕೆ ಎತ್ತಲಾಯಿತು, ಆರು ಮಂದಿಯ ತಂಡ ಸಿದ್ಧವಾಯಿತು. ಮುಂದಾಳಾಗಿದ್ದ ಅಣ್ಣ ನಿವೃತ್ತ ಎಂಜಿನಿಯರ್. ಒಬ್ಬ ಅಕ್ಕ ನರ್ಸ್. ನಾನು ಭಾನುವಾರದ ಶಾಲೆಯಲ್ಲಿ ಪಾಠ ಹೇಳುವವನು, ಕಟ್ಟಡದ ಕೆಲಸ ತಿಳಿಯದವನು. ನನ್ನ ಪಾಲಿಗೆ ಸಂದೇಶ ಕೊಡುವ ಹೊಣೆ ಬಂತು. ದೇವರು ಕಷ್ಟವನ್ನು ಏಕೆ ಅನುಮತಿಸುತ್ತಾನೆ ಎಂಬ ವಿಷಯದ ಮೇಲೆ ಹನ್ನೊಂದು ಪುಟ ಬರೆದುಕೊಂಡೆ. ಯೋಬ, ಯೋಸೇಫ, ರೋಮಾಪುರದವರಿಗೆ ಬರೆದ ಪತ್ರ, ಎಲ್ಲವೂ ಅದರಲ್ಲಿದ್ದವು.

ಹೊರಡುವ ಹಿಂದಿನ ಭಾನುವಾರ ಸಭೆಯ ಹಿರಿಯ ತಾಯಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, “ಮಗಾ, ನಿಮ್ಮ ಆರು ಜನರ ವಿಮಾನದ ಹಣವನ್ನು ಹಾಗೆಯೇ ಕಳಿಸಿದ್ದರೆ ಇನ್ನೆಷ್ಟು ಮನೆಗೆ ತಗಡು ಬೀಳುತ್ತಿತ್ತು?” ಎಂದು ಕೇಳಿದರು. ಅವರ ದನಿಯಲ್ಲಿ ಕುಹಕವಿರಲಿಲ್ಲ. ನಾನು ಸಂಗಡ ಇರುವುದರ ಬೆಲೆಯ ಬಗ್ಗೆ ಏನೋ ಹೇಳಿದೆ. ಆ ಪ್ರಶ್ನೆ ಸರಿಯಾದದ್ದು ಎಂದು ಈಗಲೂ ನಂಬುತ್ತೇನೆ. ಮತ್ತೊಮ್ಮೆ ಹೋಗುವುದಾದರೆ ಇಬ್ಬರೇ ಹೋಗಬೇಕು, ಮೂರು ವಾರಕ್ಕಲ್ಲ, ಒಂದು ಬೇಸಾಯದ ಕಾಲ ಪೂರ್ತಿ ಇರಬೇಕು.

ಅಡಿಸ್ ಅಬಾಬಾ ಮೂಲಕ ಬ್ಲಾಂಟೈರ್‌ಗೆ ಬಂದಿಳಿದೆವು. ಆ ನಗರಕ್ಕೆ ಮಿಷನರಿ ಡೇವಿಡ್ ಲಿವಿಂಗ್‌ಸ್ಟನ್ ಹುಟ್ಟಿದ ಸ್ಕಾಟ್ಲೆಂಡಿನ ಊರಿನ ಹೆಸರನ್ನೇ ಇಟ್ಟಿದ್ದಾರೆ. ಅಬುಸಾ ನಮ್ಮನ್ನು ಮೊದಲು ಸೇಂಟ್ ಮೈಕೇಲ್ ಅಂಡ್ ಆಲ್ ಏಂಜಲ್ಸ್ ದೇವಾಲಯಕ್ಕೆ ಕರೆದೊಯ್ದರು. ಕೆಂಪು ಇಟ್ಟಿಗೆಯ ಆ ಕಟ್ಟಡವನ್ನು 1888ರಿಂದ 1891ರವರೆಗೆ ಕಟ್ಟಿಸಿದ ಮಿಷನರಿ ಡೇವಿಡ್ ಕ್ಲೆಮೆಂಟ್ ಸ್ಕಾಟ್ ವಾಸ್ತುಶಿಲ್ಪ ಕಲಿತವರಲ್ಲ. ಕಟ್ಟಿದವರು ಕೆಲಸ ಮಾಡುತ್ತಲೇ ಕೆಲಸ ಕಲಿತ ಸ್ಥಳೀಯ ಜನ. ಇಟ್ಟಿಗೆಯಲ್ಲೇ ಬಳಸಿ ತಂದ ಕಮಾನುಗಳನ್ನು ನೋಡುತ್ತ ನಮ್ಮ ಎಂಜಿನಿಯರ್ ಅಣ್ಣ ಕೈಮುಗಿದು ನಿಂತರು.

ಹೊರಗೆ ಬಂದ ಮೇಲೆ ಮರದ ನೆರಳಿನಲ್ಲಿ ಅಬುಸಾ ಇನ್ನೊಂದು ಕಥೆ ಹೇಳಿದರು. ಈ ಮಿಷನ್ ನೆಲೆ ಆರಂಭವಾದದ್ದು 1876ರಲ್ಲಿ. ಮೊದಲ ಕೆಲವು ವರ್ಷಗಳಲ್ಲಿ ಇಲ್ಲಿಗೆ ಬಂದ ಸೇವಕರು ತಮ್ಮನ್ನು ತಾವೇ ನ್ಯಾಯಾಧಿಪತಿಗಳನ್ನಾಗಿ ಮಾಡಿಕೊಂಡರು. ಆರೋಪ ಹೊತ್ತವರನ್ನು ಚಾಟಿಯಿಂದ ಹೊಡೆಸಿದರು, ಮರಣದಂಡನೆಯನ್ನೂ ಕೊಟ್ಟರು. ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿ ಕೋಲಾಹಲವಾಗಿ, 1881ರಲ್ಲಿ ನೆಲೆಯ ಮುಖ್ಯಸ್ಥರನ್ನು ಕೆಲಸದಿಂದ ತೆಗೆಯಲಾಯಿತು. ಸ್ಕಾಟ್ ಬಂದದ್ದು ಅದರ ನಂತರ. “ದೇವಾಲಯ ತೋರಿಸಿ ಚಾಟಿಯನ್ನು ಮುಚ್ಚಿಟ್ಟರೆ ನೀವು ಅರ್ಧ ಸತ್ಯದ ಮೇಲೆ ನಿಂತು ಪ್ರಾರ್ಥನೆ ಮಾಡಿದಂತಾಗುತ್ತದೆ,” ಎಂದರು ಅಬುಸಾ. ಅವರ ದನಿಯಲ್ಲಿ ಕಹಿ ಇರಲಿಲ್ಲ. ಆ ಸಭೆಯ ಮಗನೇ ಅವರು, ಅಲ್ಲೇ ದೀಕ್ಷಾಸ್ನಾನ ಹೊಂದಿದವರು.

ಥ್ಯೋಲೊ ಚಹಾ ತೋಟಗಳ ನಡುವಿನ ರಸ್ತೆಯಲ್ಲಿ ಮುಲಾಂಜೆಗೆ ಹೋದೆವು. ಆ ಬೆಟ್ಟ ಬಯಲಿನಿಂದ ಒಮ್ಮೆಲೇ ಎದ್ದು ನಿಂತಿದೆ. ಅದರ ತುತ್ತತುದಿ ಸಪಿಟ್ವಾ, 3,002 ಮೀಟರ್. ಅದರ ಕಪ್ಪು ಮೈಮೇಲೆ ಮೇಲಿನಿಂದ ಕೆಳಗಿನವರೆಗೆ ಬಿಳಿಚಿಕೊಂಡ ಗೀರುಗಳು, ಮಾರ್ಚ್ ತಿಂಗಳಲ್ಲಿ ಮಣ್ಣು ಕಳಚಿಬಿದ್ದ ಜಾಗಗಳು. ಜುಲೈ ಅಲ್ಲಿ ಚಳಿಗಾಲ. ‘ಚಿಪೆರೋನಿ’ ಎಂದು ಕರೆಯುವ ಮಂಜಿನಂಥ ಜಡಿಮಳೆ ದಿನಗಟ್ಟಲೆ ಹಿಡಿದುಕೊಳ್ಳುತ್ತದೆ. ಹಳ್ಳಿ ಸೇರಿದಾಗ ಆ ಮಳೆ ಹನಿಯುತ್ತಿತ್ತು. ಸಣ್ಣ ಮಕ್ಕಳು ಆಕಾಶ ನೋಡಿ ಮನೆಯೊಳಕ್ಕೆ ಸರಿಯುತ್ತಿದ್ದವು.

ಊರಿನ ಮುಖ್ಯಸ್ಥರ ಅಪ್ಪಣೆ ಇಲ್ಲದೆ ಅಲ್ಲಿ ಯಾರೂ ಕೆಲಸ ಆರಂಭಿಸುವಂತಿಲ್ಲ. ಚಾಪೆಯ ಮೇಲೆ ಕುಳಿತು ನಮ್ಮ ಪರಿಚಯ ಹೇಳಿಕೊಂಡೆವು. ಅವರು ಒಂದು ಗಾದೆ ಹೇಳಿ ನಮ್ಮನ್ನು ಸ್ವಾಗತಿಸಿದರು: ಹರಿತವಾದ ಅಲಗನ್ನು ತರುವವನೇ ಅತಿಥಿ. ಊರಿನವರಿಗೆ ಬಿಡಿಸಲಾಗದ ಗಂಟನ್ನು ಹೊರಗಿನಿಂದ ಬಂದವನು ಬಿಡಿಸಬಲ್ಲ ಎಂದು ಅದರ ಅರ್ಥ ಎಂದು ನಮ್ಮ ದುಭಾಷಿ ಹುಡುಗ ವಿವರಿಸಿದ. ಎರಡು ದಿನದ ಹಿಂದೆ ಚಾಟಿಯ ಕಥೆ ಕೇಳಿದ್ದ ನನಗೆ ಅಲಗಿಗೆ ಇರುವ ಇನ್ನೊಂದು ಕೆಲಸವೂ ನೆನಪಾಯಿತು. ಅದಾದ ಮರುದಿನವೇ ನಾನು ಆ ಅಜ್ಜಿಯ ಮನೆಗೆ ನುಗ್ಗಿದ್ದು.

ಅಜ್ಜಅಜ್ಜಿಯರನ್ನು ಅಲ್ಲಿ ‘ಅಗೊಗೊ’ ಎನ್ನುತ್ತಾರೆ. ನಾನೂ ಅವರನ್ನು ಹಾಗೆಯೇ ಕರೆಯುತ್ತಿದ್ದೆ. ಅಂದಿನಿಂದ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಅವರ ಅಂಗಳದ ಅಂಚಿನಲ್ಲಿ ನಿಂತು ‘ಓಡಿ’ ಎನ್ನುವುದನ್ನು ರೂಢಿ ಮಾಡಿಕೊಂಡೆ. ಮೊದಲಿಗೆ ಅದು ಪ್ರಾಯಶ್ಚಿತ್ತ. ಆಮೇಲೆ ಅದೇ ನನ್ನ ಬೆಳಗಿನ ಪ್ರಾರ್ಥನೆಯಾಯಿತು. ಕರ್ತನು ಬಾಗಿಲಲ್ಲಿ ನಿಂತು ತಟ್ಟುತ್ತಾನೆ ಎಂಬ ಸತ್ಯವೇದದ ಪ್ರಕಟನೆಯ ವಚನವನ್ನು ಮಕ್ಕಳಿಗೆ ಎಷ್ಟು ಸಲ ಕಲಿಸಿದ್ದೇನೋ! ತಟ್ಟುವುದನ್ನು ಮಾತ್ರ ಕಲಿಸಿದ್ದೆ, ನಿಲ್ಲುವುದನ್ನು ಗಮನಿಸಿರಲಿಲ್ಲ. ಲೋಕವನ್ನು ಉಂಟುಮಾಡಿದವನು ತಾನು ಮಾಡಿದ ಮನುಷ್ಯನ ಬಾಗಿಲ ಹೊರಗೆ, ಒಳಗಿನಿಂದ ದನಿ ಬರುವವರೆಗೆ, ನಿಂತಿದ್ದಾನೆ. ಚಳಿಯಲ್ಲಿ, ಜಡಿಮಳೆಯಲ್ಲಿ, ಉತ್ತರಕ್ಕೆ ಕಾಯುತ್ತ ನಾನೇ ನಿಂತಾಗ ಆ ವಚನ ನನ್ನ ಮೈಗೆ ಹತ್ತಿತು.

ಒಳಗಿನಿಂದ ಅವರು ‘ಮುಲಿ ಬ್ವಾಂಜಿ?’ ಎಂದು ಕೇಳುತ್ತಿದ್ದರು, ಹೇಗಿದ್ದೀರಿ ಎಂದು. ಅದಕ್ಕೆ ‘ನ್ದಿಲಿ ಬ್ವಿನೊ, ಕಾಯಾ ಇನು?’ ಎನ್ನಬೇಕು. ನಾನು ಚೆನ್ನಾಗಿದ್ದೇನೆ, ನಿಮ್ಮದು ಹೇಗೋ? ಆ ‘ಕಾಯಾ’ದಲ್ಲಿ ನಮ್ಮ ‘ಹೇಗೋ’ದ ಓಕಾರದಂಥ ಒಂದು ಸಂದೇಹವಿದೆ. ನನ್ನ ಸ್ಥಿತಿ ನನಗೆ ಗೊತ್ತು, ನಿಮ್ಮದನ್ನು ನೀವೇ ಹೇಳಬೇಕು ಎಂಬ ಸಂದೇಹ. ಎಷ್ಟೇ ಆತುರವಿರಲಿ, ಈ ಮಾತನ್ನು ಬಿಟ್ಟು ಅಲ್ಲಿ ಯಾರೂ ಮುಂದಿನ ಮಾತಿಗೆ ಹೋಗುವುದಿಲ್ಲ.

ಅಗೊಗೊ ಮೊದಲ ವಾರವೇ ನಮ್ಮನ್ನು ಊಟಕ್ಕೆ ಕರೆದರು. ಊಟಕ್ಕೆ ಮುಂಚೆ ಮನೆಯವರು ಬೋಗುಣಿ ಹಿಡಿದು, ತಂಬಿಗೆಯಿಂದ ಅತಿಥಿಯ ಕೈಗೆ ನೀರು ಹೊಯ್ಯುವ ಪದ್ಧತಿ ಅಲ್ಲಿದೆ. 2022ರ ಮಾರ್ಚಿನಿಂದ ಮಲಾವಿಯಲ್ಲಿ ಕಾಲರಾ ಹಬ್ಬಿ 1,700ಕ್ಕೂ ಹೆಚ್ಚು ಮಂದಿ ಸತ್ತಿದ್ದರು. ನರ್ಸ್ ಅಕ್ಕ ನಮಗೆ ಕಟ್ಟುನಿಟ್ಟಾಗಿ ಎಚ್ಚರಿಕೆ ಕೊಟ್ಟಿದ್ದರು. ಅಗೊಗೊ ಮಂಡಿಯೂರಿ ತಂಬಿಗೆ ಬಗ್ಗಿಸಿದಾಗ ನಾನು ಕೈ ಹಿಂದಕ್ಕೆ ಎಳೆದುಕೊಂಡು ಜೇಬಿನಿಂದ ಸ್ಯಾನಿಟೈಸರ್ ಬಾಟಲಿ ತೆಗೆದೆ. ತಂಬಿಗೆ ಗಾಳಿಯಲ್ಲೇ ನಿಂತಿತು. ಅಕ್ಕನೇ ಮುಂದೆ ಬಂದು ತಮ್ಮ ಎರಡೂ ಕೈ ಚಾಚಿದರು. ಕುಡಿಯುವ ನೀರಿನ ವಿಷಯದಲ್ಲಿ ರಾಜಿ ಇಲ್ಲ, ಆದರೆ ಕೈ ತೊಳೆದುಕೊಂಡ ಮೇಲೂ ಔಷಧ ಹಚ್ಚಿಕೊಳ್ಳಬಹುದಲ್ಲ ಎಂದು ಆಮೇಲೆ ನನಗೆ ಹೇಳಿದರು. ಆ ರಾತ್ರಿ ಯೋಹಾನನ ಸುವಾರ್ತೆಯ ಹದಿಮೂರನೆಯ ಅಧ್ಯಾಯ ತೆಗೆದೆ. ನೀನು ನನ್ನ ಕಾಲು ತೊಳೆಯಲೇಬಾರದು ಎಂದು ಪೇತ್ರನು ಯೇಸುವಿಗೆ ಹೇಳಿದ್ದನ್ನು ನಾನು ಯಾವಾಗಲೂ ವಿನಯ ಎಂದು ಓದಿದ್ದೆ. ಅದರೊಳಗೆ ಎಷ್ಟು ಗರ್ವವಿದೆ ಎಂದು ಅಂದು ಕಂಡಿತು. ತೊಳೆಯುವವನ ಜಾಗದಲ್ಲಿ ನಿಲ್ಲಲು ಬಂದವನಿಗೆ ತೊಳೆಸಿಕೊಳ್ಳುವವನ ಜಾಗ ಸೇರುವುದಿಲ್ಲ. ಮರುದಿನ ನಾನಾಗಿಯೇ ಹೋಗಿ ಕೈ ಚಾಚಿದೆ. ಅಗೊಗೊ ನೀರು ಹೊಯ್ದರು. ಮೆಕ್ಕೆಜೋಳದ ಹಿಟ್ಟಿನ ಎನ್ಸಿಮಾ ಮುದ್ದೆಯನ್ನು ಕುಂಬಳದ ಸೊಪ್ಪಿನ ಪಲ್ಯದ ಜೊತೆ ತಿಂದೆವು. ಆ ಹಿಟ್ಟು ನೆರೆಯವರಿಂದ ಕಡ ತಂದದ್ದು ಎಂದು ನಮಗೆ ಗೊತ್ತಿತ್ತು. ಎದುರಿಗಿಟ್ಟದ್ದನ್ನು ತಿನ್ನಿರಿ ಎಂದು ಶಿಷ್ಯರನ್ನು ಕಳಿಸಿದವನು ಎಷ್ಟು ಕಷ್ಟದ ಆಜ್ಞೆ ಕೊಟ್ಟನೆಂದು ಒಂದೊಂದು ತುತ್ತಿಗೂ ತಿಳಿಯುತ್ತಿತ್ತು.

ಎರಡನೆಯ ವಾರ ಊರಿನಲ್ಲಿ ಒಂದು ಸಾವಾಯಿತು. ಎಳೆಯ ಮಗುವಿನ ತಾಯಿ, ಜ್ವರದಿಂದ. ಇಡೀ ಊರಿನ ಕೆಲಸ ನಿಂತಿತು. ನಮ್ಮ ಅಣ್ಣನಿಗೆ ಚಡಪಡಿಕೆ. ದಿನಕ್ಕೆ ಇಷ್ಟು ಗೋಡೆ ಎಂದು ಅವರು ಲೆಕ್ಕ ಹಾಕಿಟ್ಟಿದ್ದರು. ಅಬುಸಾ ನಮ್ಮನ್ನೂ ಕರೆದೊಯ್ದರು. ಹೆಂಗಸರು ಮನೆಯೊಳಗೆ ಶವದ ಸುತ್ತ ಕುಳಿತು ಹಾಡುತ್ತಿದ್ದರು. ಗಂಡಸರು ಹೊರಗೆ ಬರಿಯ ನೆಲದ ಮೇಲೆ ಕುಳಿತಿದ್ದರು. ಬಂದವರೆಲ್ಲ ಆ ಗಂಡನ ಬಳಿ ಬಾಗಿ ‘ಪೆಪಾನಿ’ ಎಂಬ ಒಂದೇ ಮಾತು ಹೇಳಿ ಹೋಗಿ ಕುಳಿತುಕೊಳ್ಳುತ್ತಿದ್ದರು. ಅಲ್ಲಿ ದಾರಿಯಲ್ಲಿ ನೀವು ಎಡವಿದರೂ ಎದುರಿನವರು ಪೆಪಾನಿ ಎನ್ನುತ್ತಾರೆ, ತಪ್ಪು ಅವರದಲ್ಲದಿದ್ದರೂ. ಕ್ಷಮಿಸಿ ಎಂಬುದಕ್ಕೂ ಅದೇ ಮಾತು, ಅಯ್ಯೋ ಪಾಪ ಎಂಬುದಕ್ಕೂ ಅದೇ. ನಿನ್ನ ನೋವಿನಲ್ಲಿ ನನಗೂ ಪಾಲಿದೆ ಎನ್ನುವುದು ಬಿಟ್ಟರೆ ಅದರಲ್ಲಿ ಬೇರೆ ವಿವರಣೆ ಇಲ್ಲ.

ನಾನು ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಆ ನೆಲದ ಮೇಲೆ ಕುಳಿತಿದ್ದೆ. ಜೇಬಿನಲ್ಲಿ ಹನ್ನೊಂದು ಪುಟ ಮಡಚಿಕೊಂಡಿತ್ತು. ಯೋಬನ ಸ್ನೇಹಿತರು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರು. ಅವರು ಬಾಯಿ ತೆರೆದ ಮೇಲೆಯೇ ದೇವರಿಗೆ ಅವರ ಮೇಲೆ ಸಿಟ್ಟು ಬಂದದ್ದು. ಇದನ್ನು ನಾನೇ ನನ್ನ ನಾಲ್ಕನೆಯ ಪುಟದಲ್ಲಿ ಬರೆದುಕೊಂಡಿದ್ದೆ, ಬರೆದು ಐದನೆಯ ಪುಟಕ್ಕೆ ಹೋಗಿದ್ದೆ! ನನ್ನ ಪಕ್ಕದಲ್ಲಿ ಕುಳಿತಿದ್ದ ದುಭಾಷಿ ಹುಡುಗ ಮೆಲ್ಲಗೆ ಹೇಳಿದ: ಅಗೊಗೊನ ಮೊಮ್ಮಗನೂ ಹೋದ, ಮಾರ್ಚಿನಲ್ಲಿ, ಆದರೆ ಅವನಿಗಾಗಿ ಹೀಗೆ ಕೂರಲು ಆಗಲಿಲ್ಲ, ದೇಹ ಸಿಗಲಿಲ್ಲ. ಪತ್ತೆಯಾಗದವರ 537 ಎಂಬ ಅಂಕಿಯನ್ನು ನಾನು ಸಭೆಯಲ್ಲಿ ಎಷ್ಟೋ ಸಲ ಓದಿ ಹೇಳಿದ್ದೆ. ಅದರೊಳಗಿನ ಒಬ್ಬನ ಅಜ್ಜಿ ಅಲ್ಲಿ, ನನ್ನಿಂದ ಹತ್ತು ಮಾರು ದೂರದ ಮನೆಯೊಳಗೆ, ಬೇರೊಬ್ಬರ ಮಗಳಿಗಾಗಿ ಹಾಡುತ್ತಿದ್ದರು.

ಭಾನುವಾರ ಸಂದೇಶ ಕೊಡಲು ಅಬುಸಾ ನನ್ನನ್ನು ಕರೆದಾಗ ಆ ಪುಟಗಳನ್ನು ತೆಗೆಯಲಿಲ್ಲ. ಎದ್ದು ನಿಂತು ‘ಪೆಪಾನಿ’ ಎಂದೆ. ದುಭಾಷಿಗೆ ಅನುವಾದಿಸಲು ಏನೂ ಇರಲಿಲ್ಲ. ಆಮೇಲೆ 88ನೆಯ ಕೀರ್ತನೆಯನ್ನು ಅವರ ಭಾಷೆಯ ಸತ್ಯವೇದದಿಂದ ಓದಲು ಅವನಿಗೆ ಹೇಳಿದೆ. ಬೇರೆ ಗೋಳಿನ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತುತಿಯ ಕಡೆಗೆ ತಿರುಗುತ್ತವೆ. ಆ ಕೀರ್ತನೆ ಹಾಗೆ ತಿರುಗದೆ ಕತ್ತಲೆಯಲ್ಲೇ ಮುಗಿಯುತ್ತದೆ. ಓದಿ ಮುಗಿಸಿ ಇಬ್ಬರೂ ಕುಳಿತೆವು. ಯಾರೂ ಕೆಮ್ಮಲಿಲ್ಲ. ಬಹಳ ಹೊತ್ತಿನ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಹಾಡು ಎತ್ತಿದರು, ಉಳಿದವರು ನಾಲ್ಕು ಸ್ವರಗಳಲ್ಲಿ ಅದನ್ನು ಹೊತ್ತುಕೊಂಡರು. ಕಟ್ಟಡಕ್ಕೆ ಇನ್ನೂ ಸೂರಿರಲಿಲ್ಲ. ಆ ಹಾಡು ನೇರವಾಗಿ ಬೆಟ್ಟದ ಕಡೆಗೆ ಹೋಯಿತು.

ಕಣಜದ ಮಾತು ಬಂದದ್ದು ಅದಾದ ಮೇಲೆ. ನಮ್ಮ ಪಟ್ಟಿಯಲ್ಲಿ ಅಗೊಗೊನ ಮನೆ ಆರನೆಯದು. ಗೋಡೆ ಎತ್ತಿ ತಗಡು ಹಾಕಿಸುವುದು ಲೆಕ್ಕ. ಅವರ ಸರದಿ ಬಂದಾಗ ಅವರು, ಮೊದಲು ನನಗೆ ಕಣಜ ಕಟ್ಟಿಕೊಡಿ, ಮನೆ ಆಮೇಲೆ ನೋಡೋಣ ಎಂದರು. ನಮ್ಮ ಅಣ್ಣನಿಗೆ ಅರ್ಥವಾಗಲಿಲ್ಲ, ನಿಜ ಹೇಳಬೇಕೆಂದರೆ ಊರಿನ ಕೆಲವರಿಗೂ ಅರ್ಥವಾಗಲಿಲ್ಲ. ಅಲ್ಲಿ ‘ನ್ಖೊಕ್ವೆ’ ಎನ್ನುವ ಕಣಜ ಬಿದಿರಿನ ಸೀಳುಗಳನ್ನು ಹೆಣೆದ ದೊಡ್ಡ ಬುಟ್ಟಿಯಂಥದ್ದು. ನೆಲದಿಂದ ಮೇಲೆ ಅಟ್ಟಣೆಯ ಮೇಲೆ ನಿಲ್ಲಿಸಿ ಹುಲ್ಲಿನ ಸೂರು ಮುಚ್ಚುತ್ತಾರೆ. ಅಗೊಗೊನ ಹೊಲದ ಮೇಲೆ ಮಂಡಿಯೆತ್ತರ ಮರಳು ಕೂತಿತ್ತು, ನಡುವೆ ಆನೆಯಂಥ ಎರಡು ಬಂಡೆಗಳು. ಆ ವರ್ಷ ಅವರ ಮನೆಗೆ ಒಂದು ತೆನೆಯೂ ಬಂದಿರಲಿಲ್ಲ. ಜೋಳವೇ ಇಲ್ಲದ ಹೆಂಗಸಿಗೆ ಕಣಜ ಏಕೆ?

ನಾನು ದುಭಾಷಿಯ ಮೂಲಕ ಕೇಳಿದೆ. ಅವರು ನನ್ನ ಕಡೆ ತಿರುಗಿ, ಮಗುವಿಗೆ ಹೇಳುವಂತೆ ಹೇಳಿದರು: “ಮುಂದಿನ ವರ್ಷ ಜೋಳ ಬರುತ್ತದೆ. ಬಂದಾಗ ಅದಕ್ಕೊಂದು ಮನೆ ಇರಬೇಡವೇ? ಮಳೆಗೆ ನಾನು ನೆಂದರೆ ಒಣಗುತ್ತೇನೆ, ಜೋಳ ನೆಂದರೆ ಕೊಳೆಯುತ್ತದೆ.”

ಆ ಸಂಜೆ ಅಣ್ಣನಿಗೂ ನನಗೂ ಮಾತಿಗೆ ಮಾತು ಬೆಳೆಯಿತು. ಕಾಣಿಕೆ ಕೊಟ್ಟವರು ಮನೆಗೆಂದು ಕೊಟ್ಟಿದ್ದಾರೆ, ಬರಿದಾದ ಬುಟ್ಟಿಯ ಚಿತ್ರವನ್ನು ಹೇಗೆ ಕಳಿಸುವುದು ಎಂದು ಅವರ ವಾದ. ಅದು ಅಪ್ರಾಮಾಣಿಕ ವಾದವಲ್ಲ, ಅವರು ಪರರ ಹಣಕ್ಕೆ ಲೆಕ್ಕ ಕೊಡಬೇಕಾದವರು. ನಾನು ಮಾತ್ರ ಆ ಹೊತ್ತಿಗೆ ಲೂಕನ ಸುವಾರ್ತೆಯ ಆ ಐಶ್ವರ್ಯವಂತನನ್ನು ನೆನೆಯುತ್ತಿದ್ದೆ. ಇದ್ದ ಕಣಜಗಳನ್ನು ಕೆಡವಿ ದೊಡ್ಡ ಕಣಜ ಕಟ್ಟಿಸುತ್ತೇನೆ ಎಂದವನು, ಆ ರಾತ್ರಿಯೇ ಪ್ರಾಣ ಹೋದವನು. ಅವನಿಗೆ ತುಂಬಿದ ಕಣಜದ ಮೇಲೆ ನಂಬಿಕೆ. ಇಲ್ಲಿ ಒಬ್ಬ ಮುದುಕಿಗೆ ಬರಿದಾದ ಕಣಜವೇ ಪ್ರಾರ್ಥನೆ. ಅಂಜೂರ ಚಿಗುರದಿದ್ದರೂ, ಹೊಲ ಆಹಾರ ಕೊಡದಿದ್ದರೂ ಕರ್ತನಲ್ಲಿ ಉಲ್ಲಾಸಿಸುತ್ತೇನೆ ಎಂದ ಪ್ರವಾದಿ ಹಬಕ್ಕೂಕನ ಮಾತನ್ನು ನಾನು ಸುಂದರವಾದ ಅಕ್ಷರಗಳಲ್ಲಿ ಬರೆದು ಭಾನುವಾರದ ಶಾಲೆಯ ಗೋಡೆಗೆ ಅಂಟಿಸಿದ್ದೇನೆ. ಹೊಲ ಆಹಾರ ಕೊಡದಿದ್ದವರು ಅದನ್ನು ಬಿದಿರಿನಲ್ಲಿ ಹೆಣೆಯುತ್ತಾರೆಂದು ತಿಳಿದಿರಲಿಲ್ಲ. ಅಣ್ಣ ರಾತ್ರಿಯೆಲ್ಲ ಯೋಚಿಸಿದರು. ಬೆಳಿಗ್ಗೆ ಎದ್ದು, “ಬಿದಿರು ಎಲ್ಲಿ ಸಿಗುತ್ತದೆ ಕೇಳು,” ಎಂದರು.

ಕಣಜ ಹೆಣೆದವರು ಊರಿನ ಮುದುಕರು. ನಾವು ಬಿದಿರು ಹೊತ್ತೆವು, ಹುಲ್ಲು ಕೊಟ್ಟೆವು. ಸೂರನ್ನು ಮೇಲೆ ಹತ್ತಿ ಹೊದಿಸುವುದಿಲ್ಲ. ನೆಲದ ಮೇಲೇ ಬೋರಲು ಹಾಕಿದ ಬುಟ್ಟಿಯಂತೆ ಕೋಲುಗಳನ್ನು ಕಟ್ಟಿ, ಹುಲ್ಲು ಹೊದಿಸಿ, ನಂತರ ಎಲ್ಲರೂ ಒಳಗೆ ನುಸುಳಿ ತಲೆಯ ಮೇಲೆ ಹೊತ್ತು ಎತ್ತುತ್ತಾರೆ. ಅದಕ್ಕೆ ಅವರಲ್ಲಿ ಒಂದು ಗಾದೆಯೇ ಇದೆ: ‘ಮುಟು ಉಮೊಡ್ಜಿ ಸುಸೆಂಝಾ ಡೆಂಗಾ.’ ಒಂದೇ ತಲೆ ಸೂರು ಹೊರಲಾರದು. ನಾನು ಒಳಗೆ ನುಸುಳಿದೆ. ಹುಲ್ಲಿನ ಧೂಳು, ಬೆವರಿನ ವಾಸನೆ, ಮಬ್ಬುಗತ್ತಲೆ. ನನ್ನ ಒಂದು ಪಕ್ಕದಲ್ಲಿ ಅಬುಸಾ, ಇನ್ನೊಂದು ಪಕ್ಕದಲ್ಲಿ ಹೆಂಡತಿಯನ್ನು ಹೂತು ಹತ್ತು ದಿನವೂ ಕಳೆಯದ ಆ ಗಂಡ. ಹೊರಗಿನಿಂದ ಯಾರೋ ಕೂಗಿದರು. ಎಲ್ಲರೂ ಒಮ್ಮೆಲೇ ನೆಟ್ಟಗಾದೆವು. ನನ್ನ ತಲೆಯ ಮೇಲೆ ಬಿದ್ದ ಭಾರ ನಾನು ಹೆದರಿದ್ದಕ್ಕಿಂತ ಬಹಳ ಕಡಿಮೆ. ಎಷ್ಟು ಕಡಿಮೆಯೆಂದರೆ, ನಾನು ಹೊತ್ತಿದ್ದೇನೋ ಇಲ್ಲವೋ ಎಂದು ಅನುಮಾನವಾಗಿ ಮಂಡಿಯನ್ನು ಸ್ವಲ್ಪ ಬಗ್ಗಿಸಿ ನೋಡಿದೆ. ಸೂರು ಕದಲಲಿಲ್ಲ. ಪಕ್ಕದವನ ಕುತ್ತಿಗೆಯ ನರ ಮಾತ್ರ ಬಿಗಿಯಿತು. ತಕ್ಷಣ ನೆಟ್ಟಗಾದೆ. ನಾನು ಸೇವೆಯೆಂದು ಕರೆಯುತ್ತ ಬಂದದ್ದರ ತೂಕವನ್ನೂ, ನಾನು ಬಗ್ಗಿದಾಗ ಅದು ಯಾರ ಮೇಲೆ ಬೀಳುತ್ತದೆ ಎಂಬುದನ್ನೂ ಒಟ್ಟಿಗೇ ಅಳೆದು ತೋರಿಸಿದ ಕ್ಷಣ ಅದು.

ಮನೆಗೂ ತಗಡು ಬಿತ್ತು. ನಾವು ಹೊರಡುವ ಮೂರು ದಿನ ಮುಂಚೆ, ಊರಿನವರೇ ಗೋಡೆ ಮುಗಿಸಿದರು.

ಕೊನೆಯ ಎರಡು ದಿನ ಅಬುಸಾ ನಮ್ಮನ್ನು ಮಲಾವಿ ಸರೋವರದ ದಕ್ಷಿಣ ತುದಿಯ ಕೇಪ್ ಮ್ಯಾಕ್ಲಿಯರ್‌ಗೆ ಕರೆದೊಯ್ದರು. ಲಿವಿಂಗ್‌ಸ್ಟೋನಿಯಾ ಎಂಬ ಸ್ಕಾಟ್ಲೆಂಡಿನವರ ಮಿಷನ್ 1875ರಲ್ಲಿ ಮೊದಲು ನೆಲೆ ಹೂಡಿದ ದಂಡೆ ಅದು. ಮರಗಳ ನೆರಳಿನಲ್ಲಿ ಆ ಸೇವಕರ ಕೆಲವು ಸಮಾಧಿಗಳಿವೆ. ಜ್ವರ, ರೋಗ. 1881ರಲ್ಲಿ ಅವರು ಆ ಜಾಗವನ್ನೇ ಬಿಟ್ಟು ಉತ್ತರಕ್ಕೆ ಬಂಡಾವೆಗೆ ಹೋದರು. ಅಷ್ಟು ವರ್ಷಗಳ ದುಡಿಮೆಯ ಕೊನೆಗೆ, ಅದೇ 1881ರಲ್ಲಿ, ಆ ಮಿಷನ್ನಿನಿಂದ ಮೊದಲ ದೀಕ್ಷಾಸ್ನಾನ ಪಡೆದವರು ಆಲ್ಬರ್ಟ್ ನಮಲಂಬೆ. ಉಳಿದವರು ಹೋದ ಮೇಲೂ ಅಲ್ಲೇ ಉಳಿದು ಕಲಿಸುತ್ತಿದ್ದವರು ಅವರೇ. ಒಬ್ಬ ಮನುಷ್ಯ! ನಮ್ಮ ವರದಿಯ ನಮೂನೆಯಲ್ಲಿ ಅದನ್ನು ಯಾವ ಅಂಕಣದಲ್ಲಿ ತುಂಬುತ್ತಿದ್ದೆವೋ.

ಆ ಸ್ಕಾಟ್ಲೆಂಡಿನವರ ಜೊತೆ 1876ರಲ್ಲಿ ದಕ್ಷಿಣ ಆಫ್ರಿಕಾದ ಲವ್‌ಡೇಲ್‌ನಿಂದ ನಾಲ್ವರು ಖೋಸಾ ಕ್ರೈಸ್ತರೂ ಬಂದಿದ್ದರು ಎಂದು ಅಬುಸಾ ಹೇಳಿದರು. ಅವರಲ್ಲಿ ಶಾಡ್ರಾಕ್ ಎನ್‌ಗುನಾನಾ ಮರುವರ್ಷವೇ ಇಲ್ಲಿ ತೀರಿಕೊಂಡರು. ವಿಲಿಯಂ ಕೋಯಿ ಉತ್ತರದ ಎನ್‌ಗೋನಿ ಜನರ ನಡುವೆ ವರ್ಷಗಟ್ಟಲೆ ಅಪ್ಪಣೆಗಾಗಿ ಕಾದರು. ಶಾಲೆ ತೆರೆಯಲು, ಬೋಧಿಸಲು ಆ ಜನರ ಹಿರಿಯರು ಒಪ್ಪಿದ ಸುದ್ದಿ 1886ರಲ್ಲಿ ಅವರಿಗೆ ಮುಟ್ಟಿದಾಗ ಅವರು ಸಾವಿನ ಹಾಸಿಗೆಯಲ್ಲಿದ್ದರು. ಓಡಿ ಎಂದು ಕೂಗಿ ಜೀವಮಾನವೆಲ್ಲ ಅಂಗಳದ ಅಂಚಿನಲ್ಲಿ ನಿಂತವರು, ಓಡೀನಿ ಎಂಬ ದನಿ ಕೇಳಿ ಕಣ್ಣು ಮುಚ್ಚಿದವರು. ದಂಡೆಯಲ್ಲಿ ಮೀನುಗಾರರು ಬಲೆ ಒಣಗಿಸುತ್ತಿದ್ದರು. ನಾನು ಅಲ್ಲಿ ಬೇರೆ ಪ್ರಾರ್ಥನೆ ಮಾಡಲಿಲ್ಲ. ಕೋಯಿಯವರಂಥ ತಾಳ್ಮೆಯ ಒಂದು ತುಣುಕು ಸಿಗಲಿ ಎಂದು ಮಾತ್ರ ಕೇಳಿದೆ.

ಹಿಂದಿರುಗಿದ ಮೇಲೆ ಸಭೆಯಲ್ಲಿ ಸಾಕ್ಷಿ ಹೇಳಲು ನಿಂತಾಗ ಚಾಟಿಯ ಕಥೆಯನ್ನೂ ಹೇಳಿದೆ, ಬರಿದಾದ ಕಣಜದ ಚಿತ್ರವನ್ನೂ ತೋರಿಸಿದೆ. ಅಗೊಗೊ ಅದರ ಪಕ್ಕದಲ್ಲಿ ನೆಟ್ಟಗೆ ನಿಂತು, ತೆರೆದ ಮುಖದಿಂದ, ತಾವೇ ಕೇಳಿ ತೆಗೆಸಿಕೊಂಡ ಚಿತ್ರ.

2024ರ ಆರಂಭದಲ್ಲಿ ಎಲ್ ನಿನೋದಿಂದಾಗಿ ಮಲಾವಿಯಲ್ಲಿ ಮಳೆ ಕೈಕೊಟ್ಟಿತು. ಮಾರ್ಚ್ 23ರಂದು ಅಲ್ಲಿನ ರಾಷ್ಟ್ರಾಧ್ಯಕ್ಷರು 28 ಜಿಲ್ಲೆಗಳ ಪೈಕಿ 23ರಲ್ಲಿ ವಿಪತ್ತು ಘೋಷಿಸಿದರು. ಸುದ್ದಿ ಓದಿ ಆ ಕಣಜ ಕಣ್ಣಮುಂದೆ ಬಂತು. ಯಾರಿಗೂ ಏನನ್ನೂ ಕೇಳುವ ಧೈರ್ಯವಾಗಲಿಲ್ಲ. ಏಪ್ರಿಲ್ ಕೊನೆಯಲ್ಲಿ ದುಭಾಷಿ ಹುಡುಗನೇ ಸಂದೇಶ ಕಳಿಸಿದ. ಜೊತೆಗೊಂದು ಚಿತ್ರ: ಸೂರನ್ನು ಒಂದು ಕೋಲಿನಿಂದ ಎತ್ತಿ ನಿಲ್ಲಿಸಿದ್ದಾರೆ, ಒಳಗೆ ತಳದಲ್ಲಿ ಒಂದು ಮೊಳದಷ್ಟು ಜೋಳದ ತೆನೆಗಳು. ಬಂಡೆಗಳ ಸುತ್ತ ಮರಳು ಬಗೆದು ಬಿತ್ತಿದ್ದು ಇಷ್ಟು ಬಂದಿದೆ, ಅಗೊಗೊ ನನ್ನ ಪಕ್ಕದಲ್ಲೇ ಇದ್ದಾರೆ ಎಂದು ಬರೆದಿದ್ದ.

ನನಗೆ ಕೂಡಲೇ ಅನೇಕ ವಚನಗಳು ನೆನಪಾದವು. ಯಾವುದನ್ನೂ ಬರೆಯದೆ ‘ಪೆಪಾನಿ, ಅಗೊಗೊ’ ಎಂದು ಕಳಿಸಿದೆ. ಸ್ವಲ್ಪ ಹೊತ್ತಿನ ನಂತರ ಉತ್ತರ ಬಂತು.

“ಕಾಯಾ ಇನು ಎನ್ನುತ್ತಿದ್ದಾರೆ. ನಿಮ್ಮ ಕಡೆ ಮಳೆ ಆಯಿತೇ ಎಂದು ಕೇಳುತ್ತಿದ್ದಾರೆ.”